43 ಕುರ್ಚಿಗಳ ಲೆಕ್ಕ

(ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ ಕನ್ನಡ ಬಳಗದವರ ಮುಂದೆ ಆಡಿದ ಮಾತುಗಳ ಬರಹ ರೂಪ)

ನೌಕರಿ ಸಿಕ್ಕ ವಾರವೇ ಊರಿಗೆ ಕಾಗದ ಬರೆದೆ. 'ಅವ್ವಾ, ನನಗೆ ಮಂತ್ರಾಲಯದಾಗ ಕೆಲಸ ಸಿಕ್ಕದ' ಅಂತ. ನಮ್ಮ ಊರು ಇಂಡಿ ತಾಲೂಕಿನಲ್ಲಿ. ಅವ್ವನಿಗೆ ಗೊತ್ತಿದ್ದ ಮಂತ್ರಾಲಯ ಒಂದೇ, ತುಂಗಭದ್ರೆಯ ದಂಡೆಯ ಮೇಲಿನದು. ಮಗ ರಾಯರ ಸೇವೆಗೆ ಸೇರಿದ ಅಂತ ಓಣಿಗೆಲ್ಲ ಸಕ್ಕರೆ ಹಂಚಿದಳು. ಮುಂದಿನ ಕಾಗದದಲ್ಲಿ 'ಬರುವಾಗ ಮೃತ್ತಿಕೆ ತಗೊಂಡು ಬಾ' ಅಂತ ಬರೆಸಿದ್ದಳು. ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಮುಂಬೈಯ ಮಂತ್ರಾಲಯದಲ್ಲಿ, ಅಂದರೆ ಮಹಾರಾಷ್ಟ್ರ ಸರ್ಕಾರದ ಸಚಿವಾಲಯದಲ್ಲಿ, ಟೈಪ್ ಮಾಡಿದೆ. ಅಲ್ಲಿ ಮೃತ್ತಿಕೆ ಸಿಗಲಿಲ್ಲ, ಮಂತ್ರಿಗಳು ಸಿಕ್ಕರು.

ಹಾಗಾಗಿ ಇವತ್ತಿನ ವಿಷಯಕ್ಕೆ ನನ್ನನ್ನು ಕರೆದಿದ್ದಾರೆ. ರಾಜ್ಯದ ಸಚಿವ ಸಂಪುಟ ಹೇಗೆ ಕಟ್ಟುತ್ತಾರೆ, ಅದರಲ್ಲಿ ಯಾರ‍್ಯಾರು ಇರುತ್ತಾರೆ ಅನ್ನುವುದು ವಿಷಯ. ನಾನು ಕಾನೂನು ಓದಿದವನಲ್ಲ. ಹಗಲು ಕ್ಯಾಂಟೀನಿನಲ್ಲಿ ಲೋಟ ತೊಳೆದು, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿದವನು. ಆದರೆ ಸರ್ಕಾರ ಬದಲಾದಾಗ ಬಾಗಿಲಿನ ಫಲಕ ಬಿಚ್ಚುವುದನ್ನು, ಹೊಸದನ್ನು ಹೊಡೆಯುವುದನ್ನು ಹತ್ತಿರದಿಂದ ನೋಡಿದ್ದೇನೆ.

ಮೊದಲು ಪದದ ವಿಷಯ. ಮರಾಠಿಯಲ್ಲಿ ಮಂತ್ರಿಮಂಡಳ ಅನ್ನುತ್ತಾರೆ. ನಾವು ಸಂಪುಟ ಅನ್ನುತ್ತೇವೆ. ಸಂಪುಟ ಅಂದರೆ ಮುಚ್ಚಳ ಇರುವ ಪೆಟ್ಟಿಗೆ, ಕರಡಿಗೆ ಇದ್ದ ಹಾಗೆ. ನನಗೆ ನಮ್ಮ ಪದವೇ ಸರಿ ಅನಿಸುತ್ತದೆ. ಯಾಕೆಂದರೆ ಇದಕ್ಕೆ ಮುಚ್ಚಳ ಇದೆ, ಒಳಗೆ ಇಷ್ಟೇ ಹಿಡಿಯುತ್ತದೆ. ಇನ್ನೊಂದು ತಮಾಷೆ ಕೇಳಿ. ನಾವು ದಿನಾ ಬಾಯಿತುಂಬ 'ಕ್ಯಾಬಿನೆಟ್' ಅನ್ನುತ್ತೇವಲ್ಲ, ನಮ್ಮ ಸಂವಿಧಾನದಲ್ಲಿ ಆ ಪದ ಬರುವುದು ಒಂದೇ ವಿಧಿಯಲ್ಲಿ. ಅದು 352ನೇದು, ತುರ್ತು ಪರಿಸ್ಥಿತಿಯದು. ಅದೂ 1978ರ 44ನೇ ತಿದ್ದುಪಡಿಯಲ್ಲಿ ಸೇರಿದ್ದು, ದೆಹಲಿಯ ಕ್ಯಾಬಿನೆಟ್ಟಿನ ಮಾತು. ರಾಜ್ಯಗಳ ಮಟ್ಟಿಗೆ ಸಂವಿಧಾನ ಹೇಳುವುದು ಮಂತ್ರಿ ಮಂಡಲ ಅಂತ ಮಾತ್ರ.

ಅದು 163 ಮತ್ತು 164ನೇ ವಿಧಿಗಳಲ್ಲಿದೆ. ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ. ಉಳಿದ ಮಂತ್ರಿಗಳನ್ನು ಮುಖ್ಯಮಂತ್ರಿಯ ಸಲಹೆಯಂತೆ ನೇಮಿಸುತ್ತಾರೆ. ಸಲಹೆ ಅನ್ನುವ ಪದ ನೋಡಿ ಮೋಸ ಹೋಗಬೇಡಿ. ಪಟ್ಟಿ ಮುಖ್ಯಮಂತ್ರಿಯದು, ರಾಜಭವನ ಅದನ್ನು ಒಪ್ಪಿಕೊಳ್ಳಬೇಕು. ಇಡೀ ಮಂತ್ರಿ ಮಂಡಲ ವಿಧಾನಸಭೆಗೆ ಒಟ್ಟಾಗಿ ಹೊಣೆ.

ಮುಖ್ಯಮಂತ್ರಿ ಯಾರು ಅನ್ನುವುದೇ ಜಗಳವಾದರೆ? ಅದಕ್ಕೆ ಉತ್ತರ ಕೊಟ್ಟ ಮೊಕದ್ದಮೆ ನಮ್ಮ ಹುಬ್ಬಳ್ಳಿ ಕಡೆಯವರದು. ಎಸ್. ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 1989ರ ಏಪ್ರಿಲ್‌ನಲ್ಲಿ ವಜಾ ಮಾಡಿದರು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು: ಬಹುಮತದ ಪರೀಕ್ಷೆ ಆಗಬೇಕಾದ್ದು ಸದನದಲ್ಲಿ, ರಾಜ್ಯಪಾಲರ ಮನಸ್ಸಿನಲ್ಲಿ ಅಲ್ಲ. 2019ರ ನವೆಂಬರ್ 23ರ ಬೆಳಗ್ಗೆ ನೀವು ಟೀವಿ ಹಚ್ಚಿದಾಗ ಏನಾಗಿತ್ತು ನೆನಪಿದೆಯಾ? ರಾತ್ರಿ ಮಲಗುವಾಗ ಒಂದು ಸುದ್ದಿ, ಚಹಾ ಕುಡಿಯುವ ಹೊತ್ತಿಗೆ ಇನ್ನೊಂದು. ಫಡಣವೀಸ್ ಮುಖ್ಯಮಂತ್ರಿ, ಅಜಿತ್ ಪವಾರ್ ಉಪಮುಖ್ಯಮಂತ್ರಿ. ಮರಾಠಿಯವರು ಇವತ್ತಿಗೂ ಅದನ್ನು 'ಪಹಾಟೆಚಾ ಶಪಥವಿಧಿ' ಅನ್ನುತ್ತಾರೆ, ನಸುಕಿನ ಪ್ರಮಾಣವಚನ ಅಂತ. ಸದನದಲ್ಲಿ ಬಹುಮತ ತೋರಿಸಿ ಅಂತ ಕೋರ್ಟು ಹೇಳಿದ ದಿನವೇ, 26ಕ್ಕೆ, ಇಬ್ಬರೂ ರಾಜೀನಾಮೆ ಕೊಟ್ಟರು. ಆ ಸರ್ಕಾರಕ್ಕೆ ಸಂಪುಟ ಅನ್ನುವುದೇ ಹುಟ್ಟಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಎಷ್ಟು ಜನ ಮಂತ್ರಿ ಆಗಬಹುದು? ಮೊದಲು ಇದಕ್ಕೆ ಮಿತಿಯೇ ಇರಲಿಲ್ಲ. 1997ರಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಅವರ ಮಂತ್ರಿ ಮಂಡಲದಲ್ಲಿ 93 ಜನ ಇದ್ದರು. 93! ನಮ್ಮ ಕಡೆ ಸಣ್ಣ ಮದುವೆಗೆ ಅಷ್ಟು ಜನ ಬಂದರೆ ಅಡುಗೆಯವನು ಎರಡು ಪಂಕ್ತಿ ಮಾಡುತ್ತಾನೆ. ಸಂವಿಧಾನದ ಕೆಲಸ ಹೇಗೆ ನಡೆದಿದೆ ಅಂತ ನೋಡಲು ಒಂದು ಆಯೋಗ ಮಾಡಿದರು. ಅದರ ಅಧ್ಯಕ್ಷರು ನಮ್ಮ ಕನ್ನಡದವರೇ, ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಂ. ಎನ್. ವೆಂಕಟಾಚಲಯ್ಯ. ಕೆಳಮನೆಯ, ಅಂದರೆ ರಾಜ್ಯದಲ್ಲಿ ವಿಧಾನಸಭೆಯ, ಶೇಕಡ 10ರಷ್ಟು ಸಾಕು ಅಂತ ಅವರು 2002ರಲ್ಲಿ ಹೇಳಿದರು. 2003ರ 91ನೇ ತಿದ್ದುಪಡಿ ಬರುವ ಹೊತ್ತಿಗೆ ಅದು 15 ಆಯಿತು. ಹಂಚುವವರೇ ಅಳತೆ ಮಾಡಿದರೆ ಸೇರು ಸ್ವಲ್ಪ ದೊಡ್ಡದಾಗುತ್ತದೆ, ಅಲ್ವಾ?

ಮಹಾರಾಷ್ಟ್ರ ವಿಧಾನಸಭೆಯಲ್ಲಿ 288 ಸ್ಥಾನ. ಶೇಕಡ 15 ಅಂದರೆ 43.2. ಹಾಗಾಗಿ ಮುಖ್ಯಮಂತ್ರಿಯೂ ಸೇರಿ 43. ಕರ್ನಾಟಕದಲ್ಲಿ 224, ಲೆಕ್ಕ 33.6. ಅಲ್ಲಿ 34 ಅಂತ ಹಿಡಿಯುತ್ತಾರೆ. ಹರಿಯಾಣದಲ್ಲಿ 90 ಸ್ಥಾನ, 13.5 ಬರುತ್ತದೆ. ಅಲ್ಲಿ 14 ಮಾಡಿದ್ದಕ್ಕೆ ಜನ ಹೈಕೋರ್ಟಿಗೆ ಹೋದರು. ಅರ್ಧ ಮಂತ್ರಿಯನ್ನು ಎಲ್ಲಿಂದ ತರುವುದು ಹೇಳಿ! ಒಂದು ವಿಷಯ ಗಮನಿಸಿ. ಲೆಕ್ಕ ವಿಧಾನಸಭೆಯದು ಮಾತ್ರ. ಮಹಾರಾಷ್ಟ್ರದ ವಿಧಾನ ಪರಿಷತ್ತಿನಲ್ಲಿ 78 ಸ್ಥಾನ. ಅಲ್ಲಿನವರಲ್ಲಿ ಯಾರು ಬೇಕಾದರೂ ಮಂತ್ರಿ ಆಗಬಹುದು, ಆದರೆ ಲೆಕ್ಕಕ್ಕೆ ಅವರ ತಲೆ ಹಿಡಿಯುವುದಿಲ್ಲ.

ಅದೇ ವಿಧಿಯಲ್ಲಿ ಇನ್ನೊಂದು ಮಾತಿದೆ: 12ಕ್ಕಿಂತ ಕಡಿಮೆ ಇರಬಾರದು. ಇದರ ಲಾಭ ಸಣ್ಣ ರಾಜ್ಯಗಳಿಗೆ. ಮಡಗಾಂವ್‌ನಿಂದ ಬಂದ ಸ್ನೇಹಿತರು ಹಿಂದಿನ ಸಾಲಿನಲ್ಲಿ ನಗುತ್ತಿದ್ದಾರೆ, ಅವರಿಗೆ ಗೊತ್ತು. ಗೋವಾದಲ್ಲಿ 40 ಶಾಸಕರು. ಶೇಕಡ 15 ಹಿಡಿದರೆ 6 ಜನ. ಆದರೆ ಕನಿಷ್ಠ 12 ಅಂತ ಇರುವುದರಿಂದ 12. ಅಂದರೆ ಹತ್ತು ಶಾಸಕರಲ್ಲಿ ಮೂವರು ಮಂತ್ರಿಗಳು. ಸಣ್ಣ ಸದನದಲ್ಲಿ ಒಬ್ಬೊಬ್ಬ ಶಾಸಕನೂ ಒಂದೊಂದು ಬೀಗದ ಕೈ. 2017ರಲ್ಲಿ ಅಲ್ಲಿ ಕಾಂಗ್ರೆಸ್‌ಗೆ 17, ಬಿಜೆಪಿಗೆ 13 ಬಂದಿತ್ತು. ಸರ್ಕಾರ ಮಾಡಿದ್ದು 13 ಬಂದವರು. ಅವರ ಜೊತೆ ಸೇರಿದ ಗೋವಾ ಫಾರ್ವರ್ಡ್ ಪಕ್ಷಕ್ಕೆ ಇದ್ದದ್ದೇ ಮೂವರು ಶಾಸಕರು, ಮೂವರೂ ಮಂತ್ರಿಗಳಾದರು! ಮುಖ್ಯಮಂತ್ರಿ ಪರ್ರಿಕರ್ ತೀರಿಕೊಂಡ ಮೇಲೆ 2019ರ ಮಾರ್ಚ್‌ನಲ್ಲಿ ಪ್ರಮೋದ್ ಸಾವಂತ್ ಪ್ರಮಾಣ ತೆಗೆದುಕೊಂಡದ್ದು ನಡುರಾತ್ರಿ ಸುಮಾರು ಎರಡು ಗಂಟೆಗೆ. ಆ ಹೊತ್ತಿನವರೆಗೆ ನಡೆದದ್ದು ಮಿತ್ರ ಪಕ್ಷಗಳ ಜೊತೆಗಿನ ಹಂಚಿಕೆಯ ಮಾತು. ಎರಡು ಪಕ್ಷಗಳಿಗೆ ಒಂದೊಂದು ಉಪಮುಖ್ಯಮಂತ್ರಿ ಸ್ಥಾನ ಅಂತ ತೀರ್ಮಾನವಾಯಿತು.

12ಕ್ಕಿಂತ ಕಡಿಮೆ ಇರಬಾರದು ಅಂತ ಬರೆದಿದೆ, ಸರಿ. ಆದರೆ ಯಾವ ದಿನದೊಳಗೆ ತುಂಬಬೇಕು ಅಂತ ಬರೆದಿಲ್ಲ. 2019ರ ಜುಲೈ 26ಕ್ಕೆ ಯಡಿಯೂರಪ್ಪ ಒಬ್ಬರೇ ಪ್ರಮಾಣ ತೆಗೆದುಕೊಂಡರು. ಮಂತ್ರಿಗಳು ಬಂದದ್ದು ಆಗಸ್ಟ್ 20ಕ್ಕೆ. ನಡುವೆ ಕೃಷ್ಣಾ, ಮಲಪ್ರಭಾ ಉಕ್ಕಿ ಉತ್ತರ ಕರ್ನಾಟಕ ಮುಳುಗಿತ್ತು. ನನ್ನ ತಂಗಿಯ ಮನೆ ಬಾಗಲಕೋಟೆ ಕಡೆ. 'ಅಣ್ಣಾ, ಇಲ್ಲಿ ಉಸ್ತುವಾರಿ ಮಂತ್ರಿ ಯಾರು?' ಅಂತ ಫೋನಿನಲ್ಲಿ ಕೇಳಿದಳು. ಯಾರೂ ಇರಲಿಲ್ಲ. ಮಹಾರಾಷ್ಟ್ರದಲ್ಲಿ 2022ರ ಜೂನ್ 30ಕ್ಕೆ ಏಕನಾಥ ಶಿಂಧೆ, ಫಡಣವೀಸ್ ಇಬ್ಬರು ಬಂದರು. ಉಳಿದ 18 ಜನ ಬಂದದ್ದು ಆಗಸ್ಟ್ 9ಕ್ಕೆ. ನಲವತ್ತು ದಿನ ಇಬ್ಬರ ಸರ್ಕಾರ. ಮಂತ್ರಿಗಳ ಮುಂದೆ ಬರಬೇಕಾದ ಮೇಲ್ಮನವಿಗಳ ವಿಚಾರಣೆಯನ್ನು ಕಾರ್ಯದರ್ಶಿಗಳಿಗೆ ಒಪ್ಪಿಸುವಷ್ಟು ಮಟ್ಟಕ್ಕೆ ಕೆಲಸ ನಿಂತಿತ್ತು. ಆ 18ರಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ, ಅದು ಬೇರೆ.

ಯಾಕೆ ತಡ ಮಾಡುತ್ತಾರೆ? ನನ್ನ ಇಡೀ ಮಾತಿನಲ್ಲಿ ಇದೊಂದೇ ನನಗೆ ಮುಖ್ಯ. ಪತ್ರಿಕೆಯವರು ಯಾರು ಒಳಗೆ ಬಂದರು ಅಂತ ಬರೆಯುತ್ತಾರೆ. ಒಳಗೆ ಬಂದವನು ಮಾರನೇ ದಿನದಿಂದ ಫೈಲು, ಪ್ರವಾಸ, ಹಾರ ತುರಾಯಿಯಲ್ಲಿ ಮುಳುಗುತ್ತಾನೆ. ಸರ್ಕಾರ ನಡೆಸುವ ಮನುಷ್ಯನಿಗೆ ನಿದ್ದೆ ಕೆಡಿಸುವವರು ಹೊರಗೆ ಉಳಿದವರು. ಪಟ್ಟಿ ಹೊರಗೆ ಬಂದ ಗಳಿಗೆಯೇ ಅವರ ಕೋಪ ಶುರು. ಪಟ್ಟಿ ಬರುವ ತನಕ ಎಲ್ಲರೂ ನಗುತ್ತಲೇ ಇರುತ್ತಾರೆ. ನಮ್ಮ ಊರ ಜಾತ್ರೆಯ ಪ್ರಸಾದದಲ್ಲಿ ಬಡಿಸುವವರು 'ನಿಮ್ಮದು ಮುಂದಿನ ಪಂಕ್ತಿ, ಕೂಡ್ರಿ' ಅನ್ನುತ್ತಾರಲ್ಲ, ಹಾಗೆ. ಮುಂದಿನ ಪಂಕ್ತಿ ಇದೆ ಅಂತ ನಂಬಿಕೆ ಇರುವ ತನಕ ಯಾರೂ ಜಗಳ ತೆಗೆಯುವುದಿಲ್ಲ.

ಎರಡು ಉದಾಹರಣೆ ಪಕ್ಕಪಕ್ಕ ಇಟ್ಟು ನೋಡಿ. 2023ರ ಮೇ 20ಕ್ಕೆ ಬೆಂಗಳೂರಿನಲ್ಲಿ ಸಿದ್ದರಾಮಯ್ಯ, ಡಿ. ಕೆ. ಶಿವಕುಮಾರ್ ಜೊತೆ 8 ಮಂತ್ರಿಗಳು. ಒಂದು ವಾರ ಬಿಟ್ಟು 27ಕ್ಕೆ ಒಂದೇ ಸಲ 24 ಜನ. ಅಲ್ಲಿಗೆ 34 ಪೂರ್ತಿ, ಮುಚ್ಚಳ ಹಾಕಿಯಾಯಿತು. 135 ಶಾಸಕರು ಗೆದ್ದ ಪಕ್ಷದಲ್ಲಿ ಉಳಿದ ನೂರು ಜನ ಏನು ಮಾಡಬೇಕು? ಅವತ್ತಿನಿಂದ ನಮ್ಮ ಕನ್ನಡ ಪತ್ರಿಕೆಗಳಲ್ಲಿ 'ಸಂಪುಟ ಪುನರ್ ರಚನೆ' ಅನ್ನುವ ತಲೆಬರಹ ತಪ್ಪಿಲ್ಲ. ಕುರ್ಚಿ ಇಲ್ಲದಿದ್ದರೆ ಯಾರನ್ನಾದರೂ ಎಬ್ಬಿಸಬೇಕಲ್ಲ.

ಇನ್ನು ಮಹಾರಾಷ್ಟ್ರ. 2024ರ ಡಿಸೆಂಬರ್ 5ಕ್ಕೆ ಆಜಾದ್ ಮೈದಾನದಲ್ಲಿ ಮೂವರು ಪ್ರಮಾಣ ತೆಗೆದುಕೊಂಡರು: ಮುಖ್ಯಮಂತ್ರಿ ಫಡಣವೀಸ್, ಉಪಮುಖ್ಯಮಂತ್ರಿಗಳು ಶಿಂಧೆ, ಅಜಿತ್ ಪವಾರ್. ಡಿಸೆಂಬರ್ 15ಕ್ಕೆ ನಾಗಪುರದಲ್ಲಿ 39 ಜನ. ಬಿಜೆಪಿಗೆ 19, ಶಿವಸೇನೆಗೆ 11, ಎನ್‌ಸಿಪಿಗೆ 9. ಒಟ್ಟು 42. 43ನೇ ಕುರ್ಚಿ ಖಾಲಿ ಬಿಟ್ಟರು. ಸುಮ್ನೆ ಬಿಡಲಿಲ್ಲ ಅನ್ನುವುದು ನನ್ನ ಅಂದಾಜು. ಒಂದು ಖಾಲಿ ಕುರ್ಚಿ ಐವತ್ತು ಜನರನ್ನು ಹಿಡಿದಿಡುತ್ತದೆ. ಪ್ರತಿಯೊಬ್ಬನೂ ಅದು ತನಗೇ ಅಂದುಕೊಳ್ಳುತ್ತಾನೆ. ಆ ಪಟ್ಟಿಯಲ್ಲಿ ಎನ್‌ಸಿಪಿಯ ಛಗನ್ ಭುಜಬಳ್ ಹೆಸರು ಇರಲಿಲ್ಲ. ಎಷ್ಟು ಹಿರಿಯರು ನೋಡಿ, ಅದಕ್ಕೆ ಮೊದಲು ನಾಗಪುರದಲ್ಲಿ ಪ್ರಮಾಣವಚನ ಆದದ್ದು 1991ರಲ್ಲಿ, ಆಗ ಮಂತ್ರಿಯಾದವರಲ್ಲಿ ಅವರೂ ಒಬ್ಬರು. ಅವರ ಮುನಿಸು ಬಹಿರಂಗವಾಗಿಯೇ ಇತ್ತು. ಮಾರ್ಚ್‌ನಲ್ಲಿ ಅವರದೇ ಪಕ್ಷದ ಮಂತ್ರಿ ಧನಂಜಯ ಮುಂಡೆ ರಾಜೀನಾಮೆ ಕೊಟ್ಟರು. 2025ರ ಮೇ 20ಕ್ಕೆ ಭುಜಬಳ್ ಮಂತ್ರಿಯಾದರು. ಐದು ತಿಂಗಳು ಕಾಯಿಸಿದರೂ ಪಂಕ್ತಿ ಬಂತು.

ಪಟ್ಟಿ ಅಳೆದು ತೂಗುವ ಕೆಲಸವನ್ನು ನೀವು ಊಹಿಸಬಹುದು. ವಿದರ್ಭಕ್ಕೆ ಎಷ್ಟು, ಮರಾಠವಾಡಾಕ್ಕೆ ಎಷ್ಟು, ಕೊಂಕಣಕ್ಕೆ ಎಷ್ಟು. ಮರಾಠರು, ಹಿಂದುಳಿದವರು, ದಲಿತರು, ಆದಿವಾಸಿಗಳು. ಕರ್ನಾಟಕದಲ್ಲಿ ಲಿಂಗಾಯತ, ಒಕ್ಕಲಿಗ, ಅಹಿಂದ, ಮೇಲೆ ಜಿಲ್ಲೆಯ ಲೆಕ್ಕ. ಎಲ್ಲಕ್ಕೂ ತಕ್ಕಡಿ ಇದೆ. ಒಂದಕ್ಕೆ ಮಾತ್ರ ಯಾರೂ ತಕ್ಕಡಿ ಹಿಡಿಯುವುದಿಲ್ಲ. ಆ 42ರಲ್ಲಿ ಹೆಂಗಸರು ನಾಲ್ವರು. ಕರ್ನಾಟಕದ ಆ 34ರಲ್ಲಿ ಒಬ್ಬರೇ, ಲಕ್ಷ್ಮೀ ಹೆಬ್ಬಾಳ್ಕರ್. ಇಲ್ಲಿ ಕೂತಿರುವ ತಾಯಂದಿರು ತಲೆ ಆಡಿಸುತ್ತಿದ್ದಾರೆ. ಈ ಸಭೆಯ ವೇದಿಕೆಯಲ್ಲೂ ನಾವು ಆರು ಜನ ಗಂಡಸರು, ಒಬ್ಬರು ಹೆಂಗಸರು, ಅದೂ ಸ್ವಾಗತಗೀತೆಗೆ. ಅದನ್ನೂ ಹೇಳಿಬಿಡುತ್ತೇನೆ.

ಶಾಸಕ ಆಗದವನು ಮಂತ್ರಿ ಆಗಬಹುದಾ ಅಂತ ಯಾರೋ ಚೀಟಿ ಕಳಿಸಿದ್ದಾರೆ. ಆಗಬಹುದು. ಆರು ತಿಂಗಳೊಳಗೆ ಎರಡು ಸದನಗಳಲ್ಲಿ ಒಂದರ ಸದಸ್ಯ ಆಗಬೇಕು. ಉದ್ಧವ್ ಠಾಕ್ರೆ 2019ರ ನವೆಂಬರ್ 28ಕ್ಕೆ ಶಿವಾಜಿ ಪಾರ್ಕಿನಲ್ಲಿ ಪ್ರಮಾಣ ತೆಗೆದುಕೊಂಡಾಗ ಯಾವ ಸದನದಲ್ಲೂ ಇರಲಿಲ್ಲ. ಆರು ತಿಂಗಳ ಗಡುವು ಮುಗಿಯುತ್ತಾ ಬಂದಾಗ ಕೊರೊನಾ, ಚುನಾವಣೆ ಮುಂದಕ್ಕೆ. ಎದೆ ಹೊಡೆದುಕೊಳ್ಳುವ ಹಾಗಾಗಿತ್ತು. ಕೊನೆಗೆ 2020ರ ಮೇ 14ಕ್ಕೆ ಪರಿಷತ್ತಿಗೆ ಅವಿರೋಧವಾಗಿ ಬಂದರು. ನಮ್ಮ ಅಥಣಿಯ ಲಕ್ಷ್ಮಣ ಸವದಿ 2018ರಲ್ಲಿ ಸೋತವರು, 2019ರಲ್ಲಿ ಉಪಮುಖ್ಯಮಂತ್ರಿ. ಆಮೇಲೆ ಪರಿಷತ್ತಿಗೆ ಹೋದರು.

ಉಪಮುಖ್ಯಮಂತ್ರಿ ಅಂದೆನಲ್ಲ, ಸಂವಿಧಾನದಲ್ಲಿ ಆ ಹುದ್ದೆಯೇ ಇಲ್ಲ. ಕಾನೂನಿನ ಕಣ್ಣಿಗೆ ಅವರೂ ಒಬ್ಬ ಮಂತ್ರಿ. 1989ರಲ್ಲಿ ದೇವಿಲಾಲ್ 'ಉಪಪ್ರಧಾನಿ' ಅಂತಲೇ ಪ್ರಮಾಣ ತೆಗೆದುಕೊಂಡಾಗ ವಿಷಯ ಕೋರ್ಟಿಗೆ ಹೋಯಿತು. ಅದು ಬರೀ ಕರೆಯುವ ಹೆಸರು ಅಂತ ತೀರ್ಮಾನ ಬಂತು. ಮಹಾರಾಷ್ಟ್ರದ ಮೊದಲ ಉಪಮುಖ್ಯಮಂತ್ರಿ 1978ರಲ್ಲಿ ನಾಶಿಕ್‌ರಾವ್ ತಿರ್ಪುಡೆ. ಕರ್ನಾಟಕದ ಮೊದಲನೆಯವರು 1993ರಲ್ಲಿ ಎಸ್. ಎಂ. ಕೃಷ್ಣ. ಮುಂದೆ ನಮ್ಮ ಮಲಬಾರ್ ಹಿಲ್ಲಿನ ರಾಜಭವನಕ್ಕೇ ರಾಜ್ಯಪಾಲರಾಗಿ ಬಂದರಲ್ಲ, ಅವರೇ. ಆಂಧ್ರದಲ್ಲಿ ಜಗನ್ 2019ರಲ್ಲಿ ಐದು ಜನರನ್ನು ಉಪಮುಖ್ಯಮಂತ್ರಿ ಮಾಡಿದರು. ಕುರ್ಚಿಗೆ ಮಿತಿ ಹಾಕಿದರು, ಹೆಸರಿಗೆ ಮಿತಿ ಹಾಕಲಿಲ್ಲ. ಸಂಸದೀಯ ಕಾರ್ಯದರ್ಶಿ ಅಂತ ಹೆಸರಿಟ್ಟು ಶಾಸಕರಿಗೆ ಮಂತ್ರಿಯಂಥ ಹುದ್ದೆ ಕೊಡುವ ದಾರಿಯನ್ನೂ ಹುಡುಕಿದ್ದರು. ಅಸ್ಸಾಮಿನ ಅಂಥ ಕಾಯ್ದೆಯನ್ನು 2017ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಉಳಿದದ್ದು ನಿಗಮ, ಮಂಡಳಿಗಳು. ಅದು ನಮಗೆಲ್ಲ ಗೊತ್ತಿರುವ ಕಥೆ.

ಪ್ರಮಾಣವಚನದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪ್ರಮಾಣ ಎರಡು: ಅಧಿಕಾರದ್ದು, ಗೋಪ್ಯತೆಯದು. ದೇವರ ಹೆಸರಿನಲ್ಲಿ ಮಾಡಬಹುದು, ಬೇಡದಿದ್ದರೆ ಸತ್ಯನಿಷ್ಠೆಯಿಂದ ಅನ್ನಬಹುದು. ಮಾತುಗಳು ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಬರೆದಿಟ್ಟಿವೆ. ಆದರೂ ನಮ್ಮವರು ಸುಮ್ಮನಿರುತ್ತಾರಾ? ಶಿವಕುಮಾರ್ ಗಂಗಾಧರಜ್ಜನ ಹೆಸರಿನಲ್ಲಿ ಪ್ರಮಾಣ ಮಾಡಿದರು. 2019ರ ಡಿಸೆಂಬರ್ 30ಕ್ಕೆ ಮುಂಬೈಯಲ್ಲಿ ಕೆ. ಸಿ. ಪಾಡವಿ ಬರೆದದ್ದರ ಜೊತೆಗೆ ತಮ್ಮದೂ ನಾಲ್ಕು ಮಾತು ಸೇರಿಸಿದರು. ರಾಜ್ಯಪಾಲ ಕೋಶಿಯಾರಿ ಅವರಿಗೆ ಸಿಟ್ಟು ಬಂದು ಎರಡನೇ ಸಲ ಓದಿಸಿದರು. ಶಾಲೆಯಲ್ಲಿ ಮೇಷ್ಟ್ರು ಮಗ್ಗಿ ಮತ್ತೆ ಹೇಳಿಸಿದ ಹಾಗಿತ್ತು.

ಪ್ರಮಾಣ ಮುಗಿದ ಮೇಲೆ ಖಾತೆ. ನಮ್ಮ ಪತ್ರಿಕೆಗಳ ಹಳೇ ತಲೆಬರಹ 'ಖಾತೆ ಕ್ಯಾತೆ' ಅಂತ. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಮರಾಠಿಯಲ್ಲಿ 'ಮಲಾಯಿದಾರ್ ಖಾತೆ' ಅನ್ನುತ್ತಾರೆ, ಕೆನೆ ಕಟ್ಟಿದ ಖಾತೆ. ಕೆನೆ ಎಲ್ಲಿದೆ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸಿದ್ದರಾಮಯ್ಯ ಹಣಕಾಸನ್ನು ಯಾರಿಗೂ ಕೊಡಲಿಲ್ಲ, ಶಿವಕುಮಾರ್ ತೆಗೆದುಕೊಂಡದ್ದು ನೀರಾವರಿ ಮತ್ತು ಬೆಂಗಳೂರು ಅಭಿವೃದ್ಧಿ. ಫಡಣವೀಸ್ ಹಣಕಾಸನ್ನು ಅಜಿತ್ ಪವಾರ್‌ಗೆ ಬಿಟ್ಟರು, ಗೃಹ ಖಾತೆ ಬಿಡಲಿಲ್ಲ. ಶಿಂಧೆ ಅವರಿಗೆ ಬಂದದ್ದು ನಗರಾಭಿವೃದ್ಧಿ ಮತ್ತು ವಸತಿ. ಇದು ಕಡಿಮೆ ಅಂದುಕೊಳ್ಳಬೇಡಿ. ಮುಂಬೈ ಮಹಾನಗರಪಾಲಿಕೆಯ ಬಜೆಟ್ಟೇ 2025-26ಕ್ಕೆ 74 ಸಾವಿರ ಕೋಟಿ ದಾಟಿತ್ತು. ನೀವು ಪರೇಲಿನಲ್ಲೋ ಚೆಂಬೂರಿನಲ್ಲೋ ಇರುವ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಿಸಬೇಕು, ಎಷ್ಟು ಎಫ್‌ಎಸ್‌ಐ ಸಿಗುತ್ತದೆ, ಅಂದರೆ ಜಾಗದ ಎಷ್ಟು ಪಟ್ಟು ಕಟ್ಟಬಹುದು ಅಂತ ಸೊಸೈಟಿ ಮೀಟಿಂಗಿನಲ್ಲಿ ಜಗಳ ಆಡುತ್ತೀರಲ್ಲ, ಆ ನಿಯಮ ಹೊರಡುವುದು ಇದೇ ಖಾತೆಯಿಂದ.

ರಾಜ್ಯ ಸಚಿವರ ಪಾಡು ಬೇರೆ. ಆ ಪದವೇ ನಮ್ಮವರನ್ನು ದಾರಿ ತಪ್ಪಿಸುತ್ತದೆ, ಅವರು ಕ್ಯಾಬಿನೆಟ್ ದರ್ಜೆಯವರಿಗಿಂತ ಕೆಳಗಿನವರು. ಬಂಗಲೆ ಇದೆ, ಕಾರು ಇದೆ, ಫೈಲು ಮಾತ್ರ ಅವರ ಮೇಜಿಗೆ ಬರುವುದು ಕಡಿಮೆ. ಇವರೂ ಆ 43ರ ಲೆಕ್ಕದಲ್ಲೇ ಸೇರುತ್ತಾರೆ.

ಖಾತೆ ಸಿಕ್ಕ ಮೇಲೂ ಜಗಳ ಮುಗಿಯುವುದಿಲ್ಲ, ಜಿಲ್ಲೆ ಬೇಕು. ಕರ್ನಾಟಕದಲ್ಲಿ ಉಸ್ತುವಾರಿ ಸಚಿವ, ಇಲ್ಲಿ ಪಾಲಕಮಂತ್ರಿ. ಜಿಲ್ಲೆಯ ಯೋಜನಾ ಹಣ ಎಲ್ಲಿಗೆ ಹೋಗಬೇಕು ಅಂತ ಕೂತು ತೀರ್ಮಾನಿಸುವ ಸಮಿತಿಗೆ ಇಲ್ಲಿ ಪಾಲಕಮಂತ್ರಿಯೇ ಅಧ್ಯಕ್ಷರು. 2025ರ ಜನವರಿ 18ಕ್ಕೆ ಮಹಾರಾಷ್ಟ್ರದ ಪಟ್ಟಿ ಬಂತು, ಮಾರನೇ ದಿನವೇ ರಾಯಗಡ, ನಾಶಿಕ್ ಎರಡಕ್ಕೆ ತಡೆ ಬಿತ್ತು. ರಾಯಗಡ ಎನ್‌ಸಿಪಿಯ ಅದಿತಿ ತಟಕರೆ ಅವರಿಗೆ ಹೋದದ್ದು ಶಿಂಧೆ ಬಣಕ್ಕೆ ಹಿಡಿಸಲಿಲ್ಲ. ನಮಗೆ ಸಂಬಂಧಪಟ್ಟ ಇನ್ನೊಂದು ಜವಾಬ್ದಾರಿಯೂ ಇದೆ. 2022ರಲ್ಲಿ ಗಡಿ ವಿಷಯ ನೋಡಿಕೊಳ್ಳಲು ಚಂದ್ರಕಾಂತ ಪಾಟೀಲ, ಶಂಭುರಾಜ್ ದೇಸಾಯಿ ಇಬ್ಬರು ಮಂತ್ರಿಗಳನ್ನು ಮಹಾರಾಷ್ಟ್ರ ನೇಮಿಸಿತು. ಡಿಸೆಂಬರ್‌ನಲ್ಲಿ ಅವರು ಬೆಳಗಾವಿಗೆ ಹೋಗುವುದಿತ್ತು, ಹೋಗಲಿಲ್ಲ. ಆ ವಾರ ನಾವು ಮಾಟುಂಗದ ಕನ್ನಡಿಗರು ಲೋಕಲ್ಲಿನಲ್ಲಿ ಸ್ವಲ್ಪ ಮೆಲ್ಲಗೆ ಮಾತಾಡಿದೆವು.

ಖಾತೆ ಇಲ್ಲದ ಮಂತ್ರಿಯ ವಿಷಯ ಹೇಳಿ ಮುಗಿಸುತ್ತೇನೆ. 2024ರಲ್ಲಿ ನಾಗಪುರದಲ್ಲಿ 15ಕ್ಕೆ ಪ್ರಮಾಣ, 16ರಿಂದ 21ರವರೆಗೆ ಚಳಿಗಾಲದ ಅಧಿವೇಶನ. ಖಾತೆ ಹಂಚಿದ್ದು 21ರ ರಾತ್ರಿ, ಅಧಿವೇಶನ ಮುಗಿದ ಮೇಲೆ. ಇಡೀ ಅಧಿವೇಶನ ಖಾತೆ ಇಲ್ಲದ ಮಂತ್ರಿಗಳೇ ನಡೆಸಿದರು. ಅದನ್ನು ಓದಿ ನನಗೆ ನಮ್ಮ ಕಾಲದ ಒಂದು ವಾರ ನೆನಪಾಯಿತು. ಆಗಲೂ ಪ್ರಮಾಣ ಆಗಿತ್ತು, ಖಾತೆ ಆಗಿರಲಿಲ್ಲ. ನಮ್ಮ ಮಹಡಿಯ ಒಂದು ಕೋಣೆಗೆ ಹೊಸ ಮಂತ್ರಿ ಬಂದರು. ಹಳೇ ಫಲಕ ಬಿಚ್ಚಿದ ಬಾಗಿಲಿನಲ್ಲಿ ನಾಲ್ಕು ತೂತು. ಸಿಪಾಯಿ ಆ ಸ್ಕ್ರೂಗಳನ್ನು ಸುಣ್ಣದ ಡಬ್ಬಿಯಲ್ಲಿ ಹಾಕಿ ಇಟ್ಟುಕೊಂಡಿದ್ದ, ಮತ್ತೆ ಬೇಕಾಗುತ್ತವೆ ಅಂತ. ಹೊಸ ಫಲಕ ಬರೆಯುವವನು ಹೆಸರು ಬರೆದು ಕೆಳಗೆ ಒಂದು ಗೇಣು ಜಾಗ ಬಿಟ್ಟುಕೊಟ್ಟ. ಊರಿನ ಜನ ಹಾರ ಹಿಡಿದು ಬರುತ್ತಿದ್ದರು, 'ಸಾಹೇಬರು ಯಾವ ಖಾತೆ?' ಅಂತ ನಮ್ಮನ್ನೇ ಕೇಳುತ್ತಿದ್ದರು.

ಅವರಿಂದ ಒಂದು ಅಭಿನಂದನೆಯ ಉತ್ತರ ಪತ್ರ ಟೈಪಿಗೆ ಬಂತು. ಸಹಿಯ ಕೆಳಗೆ 'ಮಂತ್ರಿ' ಅಂತ ಹೊಡೆದೆ, ಮುಂದೆ ಕಂಸ ಹಾಕಿ ಒಳಗೆ ಖಾಲಿ ಬಿಟ್ಟೆ. ಒಂದು ಮೇಲಿನ ಪ್ರತಿ, ಎರಡು ಕಾರ್ಬನ್. ಆರನೇ ದಿನ ಖಾತೆ ಬಂತು. ಆಪ್ತ ಸಹಾಯಕ ಓಡಿ ಬಂದು ಮೇಲಿನ ಪ್ರತಿಯ ಕಂಸದಲ್ಲಿ ಪೆನ್ನಿನಿಂದ ತುಂಬಿದ. ಕಾರ್ಬನ್ ಪ್ರತಿಗಳು ಅಷ್ಟರಲ್ಲಿ ಫೈಲಿಗೆ ಹೋಗಿದ್ದವು. ಅವು ಹಾಗೆಯೇ ಖಾಲಿ ಉಳಿದವು.